ಬಾವುಟಗುಡ್ಡದ ಸಂಜೆ

ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಮೇಲೆ, ಕಳೆದ ದಸರಾ ರಜೆಯಲ್ಲಿ ನಾವಿಬ್ಬರೇ ಎರಡು ದಿನದ ಮಟ್ಟಿಗೆ ಮಂಗಳೂರಿಗೆ ಹೊರಟೆವು. ಮದುವೆಯಾಗಿ ಮೂವತ್ತು ವರ್ಷವಾಗಿದ್ದರೂ ಹಾಗೆ ಹೊರಟಿದ್ದು ಅದೇ ಮೊದಲು. ನನಗೆ ಸಮುದ್ರ ನೋಡುವ ಆಸೆ, ನಮ್ಮ ಯಜಮಾನರಿಗೆ ಮೀನೂಟದ ಆಸೆ. ಹುಣಸೂರಿನಲ್ಲಿ ಹತ್ತಿದ ಬಸ್ಸು ಪಿರಿಯಾಪಟ್ಟಣ, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಸುಳ್ಯ ತಲುಪಿತು.

"ನಿರಂಜನರ 'ಕಲ್ಯಾಣಸ್ವಾಮಿ' ಓದಿದ್ದೀಯಾ? ಆ ದಂಡು ಹೊರಟಿದ್ದು ಈ ಸೀಮೆಯಿಂದಲೇ ಕಣೇ" ಎಂದರು ಅವರು.

ನನಗೆ ಚುರುಕ್ಕೆಂದಿತು. ಹದಿನೈದು ವರ್ಷದ ಹಿಂದಿನ ಮಾತು. ಸುಳ್ಯದ ಕಡೆ ಅಜ್ಜಿ ಮನೆಯಿದ್ದ ಹುಡುಗನೊಬ್ಬ ತರಗತಿಯಲ್ಲಿ ಎದ್ದು ನಿಂತು, "ಮಿಸ್, 1857ಕ್ಕೂ ಮುಂಚೆ ನಮ್ಮಜ್ಜಿ ಊರಿನೋರು ಮಂಗಳೂರು ಹಿಡಿದಿದ್ರಂತೆ, ನಿಜವಾ?" ಎಂದು ಕೇಳಿದ್ದ. "ಪುಸ್ತಕದಲ್ಲಿಲ್ಲ, ಪರೀಕ್ಷೆಗೂ ಬರಲ್ಲ, ಕೂತ್ಕೋ" ಎಂದಿದ್ದೆ. ಕೂತ. ಆ ವರ್ಷ ಮತ್ತೆ ಏನನ್ನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಆಗ ನನಗೂ ಗೊತ್ತಿರಲಿಲ್ಲ.

ಆಮೇಲೆ ಓದಿ ತಿಳಿದೆ. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ಮುಂದೆ ನಗದು ಎಣಿಸಬೇಕಾಯಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಮತ್ತಿತರರು, ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ದಂಡು ಕಟ್ಟಿದರು. ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು, ಬಂಟ್ವಾಳದ ಮೇಲೆ ಸಾಗಿ, ಏಪ್ರಿಲ್ 5ರಂದು ಮಂಗಳೂರಿನ ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು. ಕಂಪನಿಯ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಓಡಿದರು. ಸುಮಾರು ಎರಡು ವಾರದ ಆಳ್ವಿಕೆ. ಆಮೇಲೆ ಕಂಪನಿಯ ಸೈನ್ಯ ಬಂತು. ಪುಟ್ಟಬಸಪ್ಪನನ್ನು ನೇಣಿಗೇರಿಸಿದರು.

ಸಂಜೆ ಆ ಬಾವುಟಗುಡ್ಡ ಹತ್ತಿದೆವು. 2022ರಲ್ಲಿ ನಿಲ್ಲಿಸಿದ ರಾಮಯ್ಯ ಗೌಡರ ಪ್ರತಿಮೆ ಅಲ್ಲಿದೆ. ನಮ್ಮವರು ಕಡಲೆಕಾಯಿ ಪೊಟ್ಟಣ ಬಿಚ್ಚಿ ನನ್ನ ಕೈಗೆ ಸುರಿದು ಸುಮ್ಮನೆ ಕೂತರು. ನಾವು ಹೋರಾಟ ಎನ್ನುವುದನ್ನು ಆ ಕಡೆಯ ಜನ ಬಹುಕಾಲ 'ಕಲ್ಯಾಣಪ್ಪನ ಕಾಟಕಾಯಿ' ಎಂದೇ ಕರೆದರು. ಕಾಟಕಾಯಿ ಎಂದರೆ ಸುಲಿಗೆ, ಉಪಟಳ. ದಂಡು ಕಟ್ಟಿದ ರೈತನಿಗೆ ಒಂದು ಹೆಸರು, ಅಂಗಡಿಯ ಬಾಗಿಲು ಹಾಕಿಕೊಂಡು ಹೆದರಿ ಕೂತವನಿಗೆ ಇನ್ನೊಂದು. ಆ ಹುಡುಗನಿಗೆ ಎರಡನ್ನೂ ಹೇಳಬಹುದಿತ್ತು. ಅವನು ಈಗ ಎಲ್ಲಿದ್ದಾನೋ.

"ಏನೇ, ಮೀನು ತಣ್ಣಗಾಗುತ್ತೆ, ಏಳು" ಎಂದರು. ಇನ್ನೂ ಹೋಟೆಲು ಹುಡುಕಿರಲಿಲ್ಲ.

ರಜೆ ಮುಗಿದ ಮೇಲೆ 1857ರ ಪಾಠ ಬಂತು. ಹಲಗೆಯ ಮೇಲೆ ಮೊದಲು 1837 ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು: "ಮಿಸ್, ಇದು ಪರೀಕ್ಷೆಗೆ ಬರುತ್ತಾ?"

"ಬರಲ್ಲ, ಬರ್ಕೋ" ಎಂದೆ.