ಗುಂಡಿಗೇಕೆ ಜಿಡ್ಡು?

ಇತಿಹಾಸದ ಪಾಠ ಹೇಳುತ್ತ ಇಪ್ಪತ್ತೇಳು ವರ್ಷ ಕಳೆದವು. 1857ರ ಸಂಗ್ರಾಮಕ್ಕೆ ತಕ್ಷಣದ ಕಾರಣವೇನೆಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಿಯೇನು: ಹೊಸ ಬಂದೂಕಿನ ತೋಟಾಗಳಿಗೆ ಹಸುವಿನ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ಗುಂಡಿಗೆ ಕೊಬ್ಬು ಯಾಕೆ ಸವರಬೇಕಿತ್ತು?” ಎಂದಳು. ನನಗೆ ಗೊತ್ತಿರಲಿಲ್ಲ. “ಅದೆಲ್ಲ ಪರೀಕ್ಷೆಗೆ ಬರೋಲ್ಲ, ಕೂತ್ಕೋ” ಎಂದೆ. ತರಗತಿ ನಕ್ಕಿತು. ಆ ವರ್ಷವೆಲ್ಲ ಅವಳು ಮತ್ತೇನನ್ನೂ ಕೇಳಲಿಲ್ಲ.

ಆ ಮೌನ ನನ್ನನ್ನು ಚುಚ್ಚುತ್ತಿತ್ತು. ಪುಸ್ತಕಗಳನ್ನು ತಿರುವಿ ಉತ್ತರ ಹುಡುಕಿದಾಗ ನೆನಪಾದದ್ದು ನಮ್ಮ ಮನೆಯ ಶಾವಿಗೆ ಒರಳು. ಎಣ್ಣೆ ಸವರದೆ ಹಿಟ್ಟು ತುಂಬಿ ನೋಡಿ, ಒತ್ತುವವರ ತೋಳು ಸೋಲುತ್ತದೆ. ಎನ್‌ಫೀಲ್ಡ್ ಬಂದೂಕಿನದೂ ಇದೇ ಪಾಡು. ಅದರ ನಳಿಗೆಯೊಳಗೆ ಸುರುಳಿಯಾಗಿ ಗೀರುಗಳಿದ್ದವು. ಸೀಸದ ಗುಂಡು ಆ ಗೀರು ಹಿಡಿದು ತಿರುಗುತ್ತ ಹೊರಟರೆ ಗುರಿ ತಪ್ಪದು. ಆದರೆ ಪ್ರತಿ ಸಲ ಹಾರಿಸಿದಾಗಲೂ ಮದ್ದಿನ ಮಸಿ ಒಳಗೆ ಕಟ್ಟಿಕೊಳ್ಳುತ್ತಿತ್ತು. ಬಾಯಿಯ ಕಡೆಯಿಂದ ಗಜದಲ್ಲಿ ದೂಡಿದ ಮುಂದಿನ ಗುಂಡು ಇಳಿಯುತ್ತಿರಲಿಲ್ಲ. ಅದಕ್ಕೇ ಗುಂಡಿಗೆ ಸುತ್ತಿದ ಕಾಗದಕ್ಕೆ ಜಿಡ್ಡು. ಸಿಪಾಯಿ ಕಾಗದದ ತುದಿಯನ್ನು ಹಲ್ಲಿನಿಂದ ಹರಿದು, ಮದ್ದು ಸುರಿದು, ಗುಂಡು ತುರುಕಬೇಕಿತ್ತು.

ಜಿಡ್ಡು ಬೇಕಿತ್ತು, ನಿಜ. ಆದರೆ ಅದು ಯಾವ ಪ್ರಾಣಿಯ ಕೊಬ್ಬೆಂದು ವಿಚಾರಿಸುವ ಗೋಜಿಗೆ ಅಧಿಕಾರಿಗಳು ಹೋಗಲಿಲ್ಲ. ಯಾರಿಗೂ ಹೊಳೆಯಲಿಲ್ಲವೆನ್ನಲೂ ಆಗದು. ಬಂಗಾಳ ಸೈನ್ಯದ ಕರ್ನಲ್ ಟಕರ್ 1853ರಲ್ಲೇ ಈ ವಿಷಯದಲ್ಲಿ ಎಚ್ಚರಿಸಿ ಬರೆದಿದ್ದ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

1857ರ ಜನವರಿಯಲ್ಲಿ ಡಂಡಂನಲ್ಲಿ ಗುಲ್ಲೆದ್ದ ಮೇಲೆ ಸರ್ಕಾರ ಇಳಿದು ಬಂತು. ಜಿಡ್ಡಿಲ್ಲದ ತೋಟಾ ಕೊಡುತ್ತೇವೆ, ನಿಮಗೆ ಒಪ್ಪಿಗೆಯಾದದ್ದನ್ನು ನೀವೇ ಸವರಿಕೊಳ್ಳಿ ಎಂದಿತು. ಆಮೇಲೆ ಹಲ್ಲು ಬೇಡ, ಕೈಯಿಂದಲೇ ಹರಿಯಿರಿ ಎಂದಿತು. ಆ ಹೊತ್ತಿಗೆ ಕಾಗದದ ಹೊಳಪಿನ ಮೇಲೂ ಸಂಶಯ ಹತ್ತಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರಲ್ಲಿ 85 ಮಂದಿ ತೋಟಾ ಮುಟ್ಟಲಿಲ್ಲ. ಅಂದು ಕೊಟ್ಟದ್ದು ಹಳೆಯ ಬಗೆಯ ತೋಟಾಗಳನ್ನೇ! ಮೇ 9ರಂದು ಎಲ್ಲರೆದುರು ಅವರ ಕಾಲಿಗೆ ಬೇಡಿ ಬಿತ್ತು. ಮರುದಿನ ಮೀರತ್ ಹೊತ್ತಿ ಉರಿಯಿತು.

ಈಗ ಗುಂಡಿಗೆ ಕೊಬ್ಬೇ ಬೇಕೆಂದಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ, ಮನೆಯಲ್ಲೇ ತೋಟಾ ತುಂಬಿಕೊಳ್ಳುವ ಗುರಿಗಾರರು ಗುಂಡಿಗೆ ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಕಪ್ಪು ಪುಡಿಯ ಲೇಪ ಕೊಡತೊಡಗಿದರು. ಪೆನ್ಸಿಲ್ಲಿನ ಗ್ರಾಫೈಟಿನಂತೆ ಪದರ ಪದರವಾಗಿ ಜಾರುವ ಒಣ ಪುಡಿ ಅದು. ಕೇರಂ ಬೋರ್ಡಿನ ಪೌಡರ್ ನೆನೆಸಿಕೊಳ್ಳಿ. ಉಜ್ಜಾಟ ಕಡಿಮೆಯಾದ್ದರಿಂದ ನಳಿಗೆಯೊಳಗಿನ ಒತ್ತಡವೂ ತುಸು ಇಳಿಯುತ್ತದಂತೆ.

ಅಂಥ ಪುಡಿ ಅಂದೇ ಇದ್ದಿದ್ದರೆ ದಂಗೆ ತಪ್ಪುತ್ತಿತ್ತೇ? ನನಗೆ ಹಾಗನ್ನಿಸುವುದಿಲ್ಲ. 1856ರಲ್ಲಿ ಅವಧ್ ನುಂಗಿದವರು, ಕಡಲಾಚೆಗೂ ಹೋಗಲೇಬೇಕೆಂದು ಹೊಸ ಸಿಪಾಯಿಗಳಿಗೆ ಕರಾರು ಹಾಕಿದವರು ಯಾವ ಪುಡಿ ಕೊಟ್ಟರೂ ಅನುಮಾನವೇ. ಸಿಪಾಯಿಗಳದ್ದು ಬರೀ ಮೂಢನಂಬಿಕೆಯೆಂದು ಎಷ್ಟು ವರ್ಷ ಹೇಳಿಕೊಟ್ಟೆನೋ! ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ: ಇದರಲ್ಲಿ ಏನು ಸವರಿದ್ದೀರಿ? ನೆಟ್ಟಗೆ ಉತ್ತರ ಬರುವಷ್ಟರಲ್ಲಿ ನಂಬಿಕೆ ಮುಗಿದಿತ್ತು.

ನಾನೂ ಒಂದು ಪ್ರಶ್ನೆಯನ್ನು ಕೂರಿಸಿದವಳೇ. ಉತ್ತರ ಸಿಗುವ ಹೊತ್ತಿಗೆ ಆ ಹುಡುಗಿ ಶಾಲೆ ಬಿಟ್ಟು ಹೋಗಿದ್ದಳು. ಈಗ ಆ ಪಾಠ ಬಂದಾಗ ಶಾವಿಗೆ ಒರಳಿನಿಂದಲೇ ಶುರು ಮಾಡುತ್ತೇನೆ. ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ, “ನಾಳೆ ನೋಡಿಕೊಂಡು ಬಂದು ಹೇಳ್ತೀನಮ್ಮ” ಎನ್ನುತ್ತೇನೆ.