ಅಪ್ಪನ ಫ್ಯಾನಿನ ನಾಲ್ಕನೇ ಸ್ಕ್ರೂ

ಈ ಬ್ಯಾಸಗಿಯೊಳಗ ನಮ್ಮವ್ವನ ಖೋಲ್ಯಾಗಿನ ಟೇಬಲ್ ಫ್ಯಾನು ಗರ್ ಗರ್ ಅಂತ ಒದರಲಿಕ್ಕೆ ಹತ್ತಿತು. 1969ರಾಗ ಅಪ್ಪ ತಂದ ಫ್ಯಾನು ಅದು. ಅವ್ವಗ ಈಗ 84 ವರ್ಷ. ಮ್ಯಾಲಿನ ಫ್ಯಾನ್ ಹಚ್ಚಿದ್ರ ತಲಿ ಹಿಡಿತದ ಅಂತಾಳ, ಹೊಸಾದು ತರತೇನಿ ಅಂದ್ರ ಮಾರಿ ತಿರುವ್ತಾಳ. ರಿಪೇರಿಯವರಿಗೆ ತೋರಿಸಿದ್ವಿ. "ಅಕ್ಕಾರ, ಗುಜರಿಗೆ ಹಾಕ್ರಿ" ಅಂದ್ರು. ಅವ್ವ ಅದನ್ನ ಬಾಗಲದಾಗ ನಿಂತು ಕೇಳಿಸಿಕೊಂಡಿದ್ಲು. ಆವತ್ತ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಹಿಂಗಾಗಿ ನಾನ ಕೂತೆ. ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ತಗದು ಬೇರಿಂಗಿಗೆ ಎರಡು ಹನಿ ಎಣ್ಣಿ ಬಿಡೋದು, ಅಷ್ಟ ಕೆಲಸ. ಮುಚ್ಚಳಕ್ಕ ನಾಲ್ಕು ಸ್ಕ್ರೂ. ಮೂರಕ್ಕ ತಲಿ ಮ್ಯಾಲ ಒಂದ ಗೀರು, ಹಳೇ ನಮೂನಿ. ಅವು ಸುಳ್ಳ ಹಟ ಮಾಡದ ಬಂದುವು. ನಾಲ್ಕನೇದು ಪ್ಲಸ್ ಗುರುತಿಂದು, ಯಾವಾಗೋ ಯಾರೋ ರಿಪೇರಿಯವರು ಹಾಕಿದ್ದು. ಅದರ ತಲಿ ಪೂರ್ತಿ ಕೂತಿರಲಿಲ್ಲ, ಸ್ವಲ್ಪ ಮ್ಯಾಲೆದ್ದಿತ್ತು. ತಿರುವಿದ್ರ ಡ್ರೈವರ್ ಜಾರಿ ಜಾರಿ ಪ್ಲಸ್ ಹೋಗಿ ಗುಂಡನ ಕುಣಿ ಆತು.

ಐವತ್ತು ವರ್ಷದ ಹಿಂದಿನವು ಬಂದುವು, ಆಮ್ಯಾಲೆ ಬಂದದ್ದು ಯಾಕ ಬರಲಿಲ್ಲ? ಮಗಳು ತಂದಿದ್ದ ಒಂದೆರಡು ಪುಸ್ತಕ ಓದಿ ನೋಡಿದೆ.

ಲೋಹದ ಸ್ಕ್ರೂ ಯುರೋಪಿನ್ಯಾಗ 15ನೇ ಶತಮಾನದಾಗ ಸೈನಿಕರ ಉಕ್ಕಿನ ಕವಚದಾಗ ಕಾಣತದ. ಒಂದೊಂದನ್ನೂ ಕೈಲೆ ಅರದಿಂದ ತಿಕ್ಕಿ ಮಾಡತಿದ್ರು. 1760ರಾಗ ಇಂಗ್ಲೆಂಡಿನ ವಯಟ್ ಅನ್ನೋ ಅಣ್ಣತಮ್ಮಂದಿರು ಯಂತ್ರದಿಂದ ಸ್ಕ್ರೂ ಮಾಡೋದಕ್ಕ ಪೇಟೆಂಟ್ ತಗೊಂಡ್ರು. ತಲಿ ಮ್ಯಾಲಿನ ಗೀರು ಮಾತ್ರ ಹಂಗ ಉಳೀತು. ಗರಗಸದ ಒಂದ ಎಳತಕ್ಕ ಆಗೋದು, ಮಾಡಲಿಕ್ಕೆ ಸಸ್ತಾ. ಆದ್ರ ಡ್ರೈವರ್ ಬಾಜೂಕ ಜಾರಿ ಕೈಗೆ ಚುಚ್ಚತದ. ಕೆನಡಾದ ಪೀಟರ್ ರಾಬರ್ಟ್‌ಸನ್ 1909ರಾಗ ಚೌಕ ಕುಣಿಯ ಸ್ಕ್ರೂಕ್ಕ ಪೇಟೆಂಟ್ ಪಡದ. ಅದು ಜಾರೂದಿಲ್ಲ. ಆದ್ರ ಹಕ್ಕು ಮಂದಿಗೆ ಬಿಟ್ಟುಕೊಡಲಿಕ್ಕೆ ಅವ ಒಪ್ಪಲಿಲ್ಲ, ಅದಕ್ಕ ಅದು ಬಹಳ ಮಾಡಿ ಕೆನಡಾದಾಗ ಉಳೀತು.

ನಮ್ಮ ಪ್ಲಸ್ ಬಂದದ್ದು ಅಮೇರಿಕಾದ ಹೆನ್ರಿ ಫಿಲಿಪ್ಸ್ ಕಡಿಂದ. ಮೂಲ ಕಲ್ಪನಾ ಬ್ಯಾರೆಯವಂದು, ಇವ ಕೊಂಡು ಸುಧಾರಿಸಿ 1936ರಾಗ ಪೇಟೆಂಟ್ ತಗೊಂಡ. ಅದೇ ವರ್ಷ ಕ್ಯಾಡಿಲಾಕ್ ಕಾರಿನ ಫ್ಯಾಕ್ಟರಿ ಸೇರಿತು. ಯಂತ್ರದ ಡ್ರೈವರ್ ಇಟ್ಟಕೂಡಲೆ ತಾನ ನಡುವ ಕೂಡತದ, ಅದರ ಗುಣ ಅದು. ಕುಣಿಯ ಗೋಡಿ ಒಳಗೊಳಗ ಇಳಿಜಾರು ಇರೋದರಿಂದ ಬಲ ಜಾಸ್ತಿ ಆದ್ರ ಡ್ರೈವರ್ ಮ್ಯಾಲಕ್ಕ ಎದ್ದು ಬರತದ. ಭರಭರ ಬಿಗಿಯೋ ಫ್ಯಾಕ್ಟರಿಗೆ ಅದು ಅನುಕೂಲ. ಐವತ್ತು ವರ್ಷ ಆದಮ್ಯಾಲೆ ಬಿಚ್ಚಲಿಕ್ಕೆ ಕೂಡೋ ಹೆಣ್ಮಗಳನ್ನ ಯಾರೂ ನೆನಸಿರಲಿಲ್ಲ ಅಂತ ಕಾಣತದ.

ಚಿಮಣಿ ಎಣ್ಣಿ ಬಿಟ್ಟು ಒಂದು ರಾತ್ರಿ ಇಟ್ಟೆ. (ಒಲಿಯಿಂದ ದೂರ ಇಡ್ರಿ, ಒರಸದ ಪ್ಲಗ್ ಹಚ್ಚಬ್ಯಾಡ್ರಿ.) ಕಬ್ಬಿಣಕ್ಕಿಂತ ಅದರ ಜಂಗು ಜಾಸ್ತಿ ಜಾಗಾ ಹಿಡೀತದ, ಹಿಂಗಾಗಿ ಜಂಗು ಹಿಡದ ಸ್ಕ್ರೂ ತೂತಿನ್ಯಾಗ ಊದಿಕೊಂಡಂಗ ಕೂಡತದ. ಎಣ್ಣಿ ಇಳದಮ್ಯಾಲೆ ಸಣ್ಣ ಸುತ್ತಿಗಿಲೆ ತಲಿ ಮ್ಯಾಲ ಟಕ್ ಟಕ್ ಬಡದ್ರ ಜಂಗು ಬಿರೀತದ. ಕುಣಿಗೆ ರಬ್ಬರ್ ಬ್ಯಾಂಡ್ ಇಟ್ಟು ತಿರುವು ಅಂದ ಮಗ. ರಬ್ಬರ್ ಹರದು ಹೋತು. ಕಡೀಕ ಹ್ಯಾಕ್ಸಾ ಬ್ಲೇಡಿಗೆ ಬಟ್ಟಿ ಸುತ್ತಿ ಹಿಡಕೊಂಡು, ಮ್ಯಾಲೆದ್ದ ತಲಿ ಮ್ಯಾಲ ನಾನ ಒಂದು ಗೀರು ಕೊರದೆ. ದಪ್ಪ ಡ್ರೈವರ್ ಇಟ್ಟು ಮೈಭಾರ ಎಲ್ಲಾ ಹಾಕಿ, ಹಿಂದ ಮುಂದ ಕಾಲು ಕಾಲು ಸುತ್ತು ತಿರುವಿದೆ. ಕಿರ್ ಅಂದು ಬಂತು.

ನಾಕನೇದಕ್ಕ ಜೋಡಿ ಹುಡಕಲಿಕ್ಕೆ ಫ್ಯಾನನ್ನ ಆಟೋದಾಗ ಹಾಕ್ಕೊಂಡು ಲೇತ್ ಅಂಗಡಿಗೆ ಹೋದೆ. ಅಲ್ಲಿಯ ಅಜ್ಜಾರು ಹಳೇ ಸ್ಕ್ರೂನೂ ಪ್ಲಸ್ ಸ್ಕ್ರೂನೂ ಒಂದಕ್ಕೊಂದು ಹಚ್ಚಿ ಬೆಳಕಿಗೆ ಹಿಡದ್ರು. ಹಲ್ಲಿಗೆ ಹಲ್ಲು ಕೂಡಲೇ ಇಲ್ಲ. "ತೂತು ಇಂಚಿಂದು ತಂಗಿ, ಸ್ಕ್ರೂ ಎಂಎಂದು. ತುರುಕ್ಯಾರ."

ಜಂಗಿಗಿಂತ ದೊಡ್ಡ ಕಾರಣ ಅದು. ಮೊದಲ ಒಂದೊಂದು ಕಾರ್ಖಾನಿಯ ಸ್ಕ್ರೂ ಒಂದೊಂದು ಅಳತಿ ಇರತಿತ್ತು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ಥ್ ಬ್ಯಾರೆ ಬ್ಯಾರೆ ಕಾರ್ಖಾನಿ ಸ್ಕ್ರೂ ಕೂಡಿಸಿ, ಸರಾಸರಿ ತಗದು, 1841ರಾಗ ಹಲ್ಲಿನ ಕೋನ 55 ಡಿಗ್ರಿ ಇರಲಿ ಅಂದ. ನಮ್ಮ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಂಥಾ ಕಡೆ ಬ್ರಿಟಿಷರ ಕಾಲದಾಗ ಬಂದದ್ದು ಆ ಇಂಚಿನ ಲೆಕ್ಕ. ಅಮೇರಿಕಾದ ವಿಲಿಯಂ ಸೆಲ್ಲರ್ಸ್ 1864ರಾಗ 60 ಡಿಗ್ರಿ ಅಂದ. ಈಗಿನ ಎಂಎಂ ಸ್ಕ್ರೂನೂ 60 ಡಿಗ್ರಿನ. ಐದು ಡಿಗ್ರಿಲೆ ಏನಾಗತದ ಅನಬ್ಯಾಡ್ರಿ, ಸುತ್ತು ಸುತ್ತಿನ ನಡುವಿನ ಅಂತರಾನೂ ಬ್ಯಾರೆ. ಇಂಥಾ ಹೊಂದಾಣಿಕಿ ಇಲ್ಲದ್ದಕ್ಕ ಊರ ಸುಟ್ಟದ್ದೂ ಅದ. 1904ರಾಗ ಅಮೇರಿಕಾದ ಬಾಲ್ಟಿಮೋರಿಗೆ ಬೆಂಕಿ ಬಿದ್ದಾಗ ವಾಷಿಂಗ್ಟನ್‌ದಿಂದ ಬಂಬು ಓಡಿ ಬಂದುವು, ಆದ್ರ ಅವರ ಪೈಪಿನ ಸುತ್ತು ಆ ಊರಿನ ನಳಕ್ಕ ಕೂಡಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡ ಸುಟ್ಟು ಹೋದುವು.

ನಮ್ಮ ದೇಶದಾಗ 1956ರಾಗ ಮೆಟ್ರಿಕ್ ಅಳತಿ ಕಾಯದೆ ಆತು. ಕಾಯದೆ ಆದಕೂಡಲೆ ಕಾರ್ಖಾನಿ ಅಚ್ಚು, ಅಂಗಡಿ ಡಬ್ಬಿ ಎಲ್ಲಾ ಬದಲಾಗ್ತಾವೇನು? ಅದರ ನಡುವ ಹುಟ್ಟಿದ್ದು ಅಪ್ಪನ ಫ್ಯಾನು.

ಅಜ್ಜಾರು ಇಂಚಿನ ಟ್ಯಾಪ್ ಹಾಕಿ ತೂತಿನ ಒಳಗಿನ ಸುತ್ತು ಚೊಕ್ಕ ಮಾಡಿದ್ರು. ಜಂಗಿನ ಡಬ್ಬಿ ನೆಲಕ್ಕ ಸುರುವಿ, ಅರ್ಧಾ ತಾಸು ಹುಡಕಿ, ಒಂದು ಗೀರಿನ ಸ್ಕ್ರೂ ಆರಿಸಿದ್ರು. ಅದಕ್ಕ ರೊಕ್ಕ ತಗೊಳ್ಳಲಿಲ್ಲ, ಟ್ಯಾಪಿಗೆ ಇಪ್ಪತ್ತು ರೂಪಾಯಿ ತಗೊಂಡ್ರು.

ಮನಿಗೆ ಬಂದು ಎಣ್ಣಿ ಬಿಟ್ಟೆ. ಈ ಸಲ ನಾಕೂ ಸ್ಕ್ರೂಕ್ಕ ಒಂಚೂರು ಗ್ರೀಸ್ ಸವರಿ, ಮೊದಲ ಬೆರಳಿಲೆ ತಿರುವಿ, ಸಲೀಸ ಹೊಂಟ ಮ್ಯಾಲೆ ಡ್ರೈವರ್ ಹಚ್ಚಿದೆ. ರಾತ್ರಿ ಅವ್ವನ ಮಂಚದ ಬಾಜೂಕ ಇಟ್ಟು ಚಾಲೂ ಮಾಡಿ ಬಂದೆ. ಹತ್ತು ನಿಮಿಷಕ್ಕ ಒಳಗಿಂದ ಕೂಗಿದ್ಲು.

"ಏನವಾ, ಸಪ್ಪಳನ ಇಲ್ಲ. ಕರೆಂಟ್ ಹೋತೇನು?"