ಪಾದದಚ್ಚು, ಯಂತ್ರ ಮತ್ತು ಒಂದು ದಾನ

ಅಹಿಂಸೆಯ ದೃಷ್ಟಿಯಿಂದ ಚರ್ಮವನ್ನು ವರ್ಜಿಸಿದ ಶ್ರಾವಕರ ಮನೆಗಳಲ್ಲಿ ಪಾದರಕ್ಷೆಯ ಮಾತು ಬಂದಾಗ, ಇದು ಯಾವುದರಿಂದ ಆದದ್ದು ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಅದು ಯುಕ್ತವೇ ಸರಿ. ಆದರೆ ಇದನ್ನು ಯಾರು, ಹೇಗೆ ಮಾಡಿದರು ಎಂಬ ಪ್ರಶ್ನೆಗೂ ಒಂದು ಇತಿಹಾಸವಿದೆ. ಅದರ ಮುಖ್ಯ ಅಧ್ಯಾಯವೊಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಎಂಬ ಕಡಲತೀರದ ಪಟ್ಟಣದಲ್ಲಿ ನಡೆಯಿತು.

ಬೂಟಿನ ಮೇಲ್ಭಾಗವು ಚರ್ಮದ್ದಿರಲಿ, ಕ್ಯಾನ್ವಾಸಿನದಿರಲಿ, ಮೊದಲು ತುಂಡುಗಳನ್ನು ಕತ್ತರಿಸಿ ಹೊಲಿಯುತ್ತಾರೆ. ಹೊಲಿದದ್ದು ಇನ್ನೂ ಆಕಾರವಿಲ್ಲದ ಚೀಲದಂತಿರುತ್ತದೆ. ಅದನ್ನು ಪಾದದ ಆಕಾರದ ಮರದ ಅಚ್ಚಿನ ಮೇಲೆ ಹೊದಿಸಿ, ಅಂಚನ್ನು ಇಕ್ಕುಳದಿಂದ ಬಿಗಿಯಾಗಿ ಎಳೆದು, ಬೆರಳು ಮತ್ತು ಹಿಮ್ಮಡಿಯ ಬಳಿ ಸಣ್ಣ ನೆರಿಗೆಗಳಾಗಿ ಮಡಿಸಿ, ಒಳ ಅಟ್ಟೆಯ ಕೆಳಕ್ಕೆ ತಂದು ಮೊಳೆ ಹೊಡೆಯಬೇಕು. ಎಳೆತ ಸಡಿಲವಾದರೆ ಬೂಟು ಸುಕ್ಕುಗಟ್ಟುತ್ತದೆ, ಅತಿಯಾದರೆ ಹರಿಯುತ್ತದೆ. ಹೊರ ಅಟ್ಟೆಯನ್ನೂ ಹಿಮ್ಮಡಿಯನ್ನೂ ಕೂಡಿಸಿ ಒಪ್ಪ ಮಾಡುವುದು ಆಮೇಲಿನ ಕೆಲಸ. ಇಂದು ಪ್ಲಾಸ್ಟಿಕ್ ಅಚ್ಚು ಬಂದಿದೆ, ಮೊಳೆಯ ಸ್ಥಾನವನ್ನು ಹೆಚ್ಚಾಗಿ ಅಂಟು ಪಡೆದಿದೆ. ಕ್ರಮ ಮಾತ್ರ ಬಹುಮಟ್ಟಿಗೆ ಅದೇ.

1846ರಲ್ಲಿ ಇಲಿಯಾಸ್ ಹೋವೆ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದನು. 1858ರಲ್ಲಿ ಲೈಮನ್ ಬ್ಲೇಕ್ ಅಟ್ಟೆ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಹೀಗೆ ಕೆಲಸದ ಎರಡು ತುದಿಗಳೂ ಯಂತ್ರದ ವಶವಾದವು. ನಡುವಿನ ಅಚ್ಚಿಗೆ ಏರಿಸುವ ಕೆಲಸವೊಂದು ಕೈಯಲ್ಲೇ ಉಳಿಯಿತು. ಒಬ್ಬ ನುರಿತ ಕೆಲಸಗಾರ ದಿನಕ್ಕೆ ಸುಮಾರು 50 ಜೊತೆ ಮುಗಿಸಬಲ್ಲವನಾಗಿದ್ದ. ಉಳಿದೆಲ್ಲ ಕೆಲಸವೂ ಅವನ ಮೇಜಿನ ಬಳಿ ಬಂದು ಕಾಯಬೇಕಿತ್ತು. ಆದ್ದರಿಂದಲೇ ಅವನಿಗೆ ಒಳ್ಳೆಯ ಕೂಲಿಯೂ ಬಲವಾದ ಸಂಘವೂ ಇದ್ದವು. ಬೆರಳಿನ ಈ ಚಾತುರ್ಯ ಕಬ್ಬಿಣಕ್ಕೆ ಒಲಿಯದೆಂದೇ ಎಲ್ಲರ ನಂಬಿಕೆಯಾಗಿತ್ತು.

1877ರಲ್ಲಿ ಯಾನ್ ಅರ್ನ್ಸ್ಟ್ ಮಾಟ್ಸೆಲಿಗರ್ ಎಂಬ ಯುವಕ ಲಿನ್‌ಗೆ ಬಂದನು. 1852ರಲ್ಲಿ ದಕ್ಷಿಣ ಅಮೆರಿಕದ ಡಚ್ ವಸಾಹತಾದ ಸುರಿನಾಮಿನಲ್ಲಿ ಜನಿಸಿದವನು. ತಂದೆ ಡಚ್ಚ, ತಾಯಿ ಆಫ್ರಿಕನ್ ಮೂಲದವಳು. ಬೂಟಿನ ಕಾರ್ಖಾನೆಯೊಂದರಲ್ಲಿ ಅಟ್ಟೆ ಹೊಲಿಯುವ ಯಂತ್ರದ ಮುಂದೆ ದುಡಿಯುತ್ತ, ಅಚ್ಚಿನ ಕೆಲಸಗಾರರ ಕೈಚಲನೆಯನ್ನು ಗಮನಿಸಿದನು. ರಾತ್ರಿ ಬಾಡಿಗೆ ಕೋಣೆಯಲ್ಲಿ ಕುಳಿತು ಸಿಗಾರ್ ಪೆಟ್ಟಿಗೆಯ ಹಲಗೆ, ತಂತಿ, ಮೊಳೆಗಳಿಂದ ಮೊದಲ ಮಾದರಿಯನ್ನು ಕಟ್ಟಿದನು. ಅದಕ್ಕೆ 50 ಡಾಲರ್ ಕೊಡುವುದಾಗಿ ಒಬ್ಬ ಮುಂದೆ ಬಂದರೂ ಮಾರಲಿಲ್ಲ. ಮುಂದಿನ ಮಾದರಿಗಳಿಗೆ ಹಣ ಸಾಲದೆ, ಬರಬಹುದಾದ ಲಾಭದ ಮೂರರಲ್ಲಿ ಎರಡು ಪಾಲನ್ನು ಇಬ್ಬರು ಹಣವಂತರಿಗೆ ಬಿಟ್ಟುಕೊಟ್ಟನು. ಅವನು ಕಳಿಸಿದ ನಕ್ಷೆಗಳು ಎಷ್ಟು ಜಟಿಲವಾಗಿದ್ದವೆಂದರೆ, ಪೇಟೆಂಟ್ ಕಚೇರಿಯ ಅಧಿಕಾರಿಯೊಬ್ಬ ಲಿನ್‌ಗೇ ಬಂದು ಯಂತ್ರವನ್ನು ಕಣ್ಣಾರೆ ನೋಡಬೇಕಾಯಿತು. 1883ರ ಮಾರ್ಚ್ 20ರಂದು ಪೇಟೆಂಟ್ ದೊರೆಯಿತು.

ಯಂತ್ರವು ದಿನಕ್ಕೆ 150ರಿಂದ 700 ಜೊತೆಗಳವರೆಗೆ ಅಚ್ಚಿಗೆ ಏರಿಸಬಲ್ಲದಾಗಿತ್ತು. ಬೂಟಿನ ಬೆಲೆ ಸುಮಾರು ಅರ್ಧಕ್ಕೆ ಇಳಿದು, ಬಡವರ ಕಾಲಿಗೂ ಬೂಟು ಎಟುಕಿತು. ಇದನ್ನು ಹೇಳುವಾಗ ಆ ಇಕ್ಕುಳದ ಕೈಗಳನ್ನು ಮರೆಯುವುದು ನ್ಯಾಯವಲ್ಲ. ವರ್ಷಗಟ್ಟಲೆ ಕಲಿತ ಕಸುಬೇ ಅವರ ಬಂಡವಾಳವಾಗಿತ್ತು. ಅದರ ಬೆಲೆ ಅವರ ಕಣ್ಣೆದುರೇ ಕುಸಿಯಿತು. ಅವನ ಮೈಬಣ್ಣವನ್ನು ಹೀನೈಸುವ ಹೆಸರಿನಿಂದಲೇ ಆ ಯಂತ್ರವನ್ನು ಕಾರ್ಖಾನೆಗಳಲ್ಲಿ ಕರೆಯುತ್ತಿದ್ದರು. ಹೊಟ್ಟೆಯ ಭಯಕ್ಕೆ ಕಾರಣವಿತ್ತು, ಆ ಹೆಸರಿಗೆ ಇರಲಿಲ್ಲ. ಲಾಭದ ದೊಡ್ಡ ಪಾಲು ಸೇರಿದ್ದು ಬೇರೆ ಕಡೆಗೆ: 1899ರಲ್ಲಿ ಹಲವು ಯಂತ್ರ ಕಂಪನಿಗಳು ಕೂಡಿ ಯುನೈಟೆಡ್ ಶೂ ಮೆಷಿನರಿ ಎಂಬ ಒಂದೇ ಸಂಸ್ಥೆಯಾದವು.

ಅದನ್ನು ನೋಡಲು ಮಾಟ್ಸೆಲಿಗರ್ ಉಳಿದಿರಲಿಲ್ಲ. ಅರೆಹೊಟ್ಟೆ, ನಿದ್ದೆಗೇಡು, ಕ್ಷಯರೋಗ ಸೇರಿ 1889ರ ಆಗಸ್ಟಿನಲ್ಲಿ, 37 ತುಂಬುವ ಮೊದಲೇ, ಅವನು ತೀರಿಕೊಂಡನು. ಲಿನ್‌ಗೆ ಬಂದ ಹೊಸತರಲ್ಲಿ ಅವನ ಬಣ್ಣವನ್ನು ಕಂಡು ಕೆಲವು ಚರ್ಚುಗಳು ಸೇರಿಸಿಕೊಂಡಿರಲಿಲ್ಲ. ನಾರ್ತ್ ಕಾಂಗ್ರಿಗೇಷನಲ್ ಚರ್ಚಿನವರು ಬರಮಾಡಿಕೊಂಡಿದ್ದರು. ಅವನು ಅಲ್ಲಿನ ಭಾನುವಾರದ ಶಾಲೆಯಲ್ಲಿ ಪಾಠವನ್ನೂ ಹೇಳಿದ್ದನು. ಯಂತ್ರದ ಕಂಪನಿಯಲ್ಲಿ ತನಗಿದ್ದ ಷೇರುಗಳಲ್ಲಿ ಒಂದು ಭಾಗವನ್ನು ಆ ಚರ್ಚಿಗೆ ಬರೆದಿಟ್ಟು ಹೋದನು. ಷೇರಿನ ಬೆಲೆ ಏರಿತು. 1904ರಲ್ಲಿ ಚರ್ಚಿನವರು ಆ ಹಣದಿಂದ ತಮ್ಮ ಕಟ್ಟಡದ ಮೇಲಿದ್ದ ಅಡಮಾನದ ಸಾಲವನ್ನು ತೀರಿಸಿದರು.